ಆಲ್ಟೂನಾದ ಇನ್ನೊಬ್ಬ ವೆರೋನಿಕಾ

ಜನವರಿ 9, ಮಂಗಳವಾರ

ಪ್ಯಾಂಟು ಮೂರು, ಮದುಮಗಳ ತಾಯಿಯ ನೀಲಿ ಗೌನು ಒಂದು. ಗೌನಿನ ಸೊಂಟ ಸಡಿಲಿಸಬೇಕು. ಆಕೆ ಮದುವೆಗೆ ಮುಂಚೆ ಸಣ್ಣಗಾಗುತ್ತೇನೆ ಎಂದಿದ್ದಳು. ಆಗಿಲ್ಲ.

ಅಂಚೆಯಲ್ಲಿ ಹಲ್ಲಿನ ಆಸ್ಪತ್ರೆಯಿಂದ ಕಾಗದ. ಅವರ ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರಂತೆ. ನನ್ನ ಹೆಸರು, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ನಂಬರು ಅನ್ಯರ ಕೈ ಸೇರಿರಬಹುದಂತೆ. ವಿಷಾದಿಸುತ್ತಾರಂತೆ. ದವಡೆ ಹಲ್ಲು ಕಿತ್ತ ದಿನವೂ ಇಷ್ಟೇ ವಿಷಾದಿಸಿದ್ದರು.

ನನ್ನ ನಂಬರು ಕದ್ದು ಯಾರಿಗೆ ಏನು ಸಿಗುತ್ತದೆ? ಜಾನ್ಸ್‌ಟೌನಿನ ಗುಡ್ಡದ ಮೇಲೆ ಬಾಡಿಗೆ ಮನೆ, ಅರವತ್ತೊಂದು ವರ್ಷ, ಮದುವೆ ಇಲ್ಲ, ಎರಡು ಹೊಲಿಗೆ ಯಂತ್ರ. ಆದರೂ ಯೋಚನೆ ಹತ್ತಿತು. ಯಾರಿರಬಹುದು?

ಜನವರಿ 11, ಗುರುವಾರ

ಚರ್ಚಿನ ನೆಲಮಾಳಿಗೆ. ಶುಕ್ರವಾರದ ಮಾರಾಟಕ್ಕೆ ಪಿರೋಹಿ ಕಡುಬು. ನಾನು ಹಿಟ್ಟು ಲಟ್ಟಿಸುವ ಮೇಜಿನಲ್ಲಿ, ತೇತಾ, ಅಂದರೆ ದೊಡ್ಡಮ್ಮ, ಎಂದು ನಾವೆಲ್ಲ ಕರೆಯುವ ಬರ್ನಿಸ್ ಆಲೂ ಉಂಡೆ ತುಂಬಿ ಅಂಚು ಒತ್ತುವ ಮೇಜಿನಲ್ಲಿ. ಎಪ್ಪತ್ತೊಂಬತ್ತಾದರೂ ಅವಳ ಬೆರಳು ನನ್ನ ಯಂತ್ರಕ್ಕಿಂತ ಚುರುಕು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವಳು. ಕಾಗದದ ವಿಷಯ ಹೇಳಿದೆ.

"ಫ್ರೀಜ್ ಮಾಡ್ಸು," ಎಂದಳು, ತಲೆ ಎತ್ತದೆ.

"ಅಂದ್ರೆ ಏನು ತೇತಾ?"

"ನಿನ್ನ ಸಾಲದ ಚರಿತ್ರೆ ಇಟ್ಕೊಂಡಿರೋ ಕಂಪನಿ ಮೂರಿವೆ. ಮೂರಕ್ಕೂ ಹೇಳಿ ನಿನ್ನ ಫೈಲಿಗೆ ಬೀಗ ಹಾಕ್ಸೋದು. ಯಾವ ಅಂಗಡಿಯವನೂ ತೆಗೆದು ನೋಡೋ ಹಾಗಿಲ್ಲ. ನೋಡ್ದೆ ಯಾರೂ ಸಾಲ ಕೊಡಲ್ಲ. ನಿನ್ನ ಹೆಸರು ಹಿಡ್ಕೊಂಡು ಹೋದ ಕಳ್ಳ ಬರಿಗೈಲಿ ವಾಪಸ್."

"ನಂಗೇ ಬೇಕಾದ್ರೆ?"

"ನೀನೇ ತೆಗಿ, ನೀನೇ ಹಾಕು. ಕಾಸು ಕೊಡ್ಬೇಕಿಲ್ಲ. ಅಷ್ಟೂ ಬೇಡ ಅಂದ್ರೆ ಅಲರ್ಟ್ ಹಾಕ್ಸು. ಒಂದು ಕಂಪನಿಗೆ ಹೇಳಿದ್ರೆ ಸಾಕು, ಉಳಿದೆರಡಕ್ಕೆ ಅವರೇ ಹೇಳ್ತಾರೆ. ಒಂದು ವರ್ಷ. ಫೈಲು ತೆಗೆದವರು ಮೊದಲು ನಿನಗೆ ಫೋನ್ ಮಾಡಿ ಕೇಳ್ತಾರೆ, ಇದು ನೀನೇನಾ ಅಂತ. ಅಲರ್ಟ್ ಅಂದ್ರೆ ಬಾಗಿಲಿಗೆ ಗಂಟೆ. ಫ್ರೀಜ್ ಅಂದ್ರೆ ಬೀಗ. ನಾನಾಗಿದ್ರೆ ಬೀಗ."

ಗಂಟೆ ಸಾಕು ಅನಿಸಿತು. ಬೀಗ ಹಾಕಿಬಿಟ್ಟರೆ ಬಂದವರು ಯಾರೆಂದು ಗೊತ್ತಾಗುವುದಿಲ್ಲವಲ್ಲ... ಇದನ್ನು ಬರ್ನಿಸ್‌ಗೆ ಹೇಳಲಿಲ್ಲ.

ಜನವರಿ 12

ಅಲರ್ಟ್ ಹಾಕಿಸಿದೆ. ಫೋನಿನಲ್ಲಿ ಯಂತ್ರದ ಧ್ವನಿ, ಎಂಟು ನಿಮಿಷ. ನನ್ನ ಫೋನ್ ನಂಬರು ಎರಡು ಸಲ ಒತ್ತಿಸಿಕೊಂಡಿತು. ನೀಲಿ ಗೌನು ಮುಗಿಯಿತು.

ಜನವರಿ 30, ಮಂಗಳವಾರ, 11.20

ಗಂಟೆ ಹೊಡೆಯಿತು!

ಇಲ್ಲಿಂದ ಒಂದು ಗಂಟೆ ದಾರಿಯ ಆಲ್ಟೂನಾದ ಹಾಸಿಗೆ ಅಂಗಡಿ. ಹುಡುಗಿಯ ಧ್ವನಿ. "ವೆರೋನಿಕಾ ಟೋಮ್ಕೊ ಅವರಾ? ನೀವೀಗ ನಮ್ಮಂಗಡೀಲಿ ಕಂತಿಗೆ ಅರ್ಜಿ ಹಾಕಿದೀರಾ ಮೇಡಂ?"

"ನಾನು ನನ್ನ ಮನೇಲಿ ಪ್ಯಾಂಟಿನ ಝಿಪ್ ಬಿಚ್ತಾ ಕೂತಿದೀನಿ."

"ಹಾಗಾದ್ರೆ... ಅದು ನೀವಲ್ಲ?"

"ನಾನಲ್ಲ."

ಫೋನ್ ಇಟ್ಟ ಮೇಲೆ ಯಂತ್ರಕ್ಕೂ ಕಿಟಕಿಗೂ ನಾಲ್ಕು ಸಲ ಓಡಾಡಿದೆ. ಹೆದರಿಕೆಯಲ್ಲ. ಬೇಟೆಗೆ ಹೋದವರಿಗೆ ಹೀಗಾಗುತ್ತದೇನೋ. ಆಮೇಲೆ ಹೊಳೆಯಿತು, ಕೇಳಬಹುದಿತ್ತು. ಎಂಥ ಹಾಸಿಗೆ? ನಾನೇ ಅಂಗಡಿಗೆ ತಿರುಗಿ ಫೋನ್ ಮಾಡಿದೆ. ಅದೇ ಹುಡುಗಿ ಹೇಳಿಬಿಟ್ಟಳು — ಹೇಳಬಾರದೇನೋ ಪಾಪ — ಒಂಟಿ ಮಂಚದ್ದು. ಇರುವುದರಲ್ಲಿ ಅಗ್ಗದ್ದು.

ನನ್ನ ಹೆಸರು ಕದ್ದವಳು ಒಂಟಿ ಹಾಸಿಗೆ ಕೊಳ್ಳುತ್ತಾಳೆ. ಟಿವಿ ಅಲ್ಲ, ಉಂಗುರ ಅಲ್ಲ. ಹಾಸಿಗೆ.

ಫೆಬ್ರವರಿ 6, ಮಧ್ಯಾಹ್ನ

ಎರಡನೆಯದು. ಹಳೆಯ ಕಾರು ಮಾರುವವನು. ಅದೂ ಆಲ್ಟೂನಾ. ನಾನಲ್ಲ ಎಂದೆ. ಈ ಸಲ ತಡಮಾಡಲಿಲ್ಲ —

"ಎಂಥ ಕಾರು?"

"ಕಾರು ನಿಮ್ಮದಲ್ಲ ಅಂತೀರಿ, ಎಂಥದು ಅಂತ ಯಾಕೆ?"

"ನನ್ನ ಹೆಸರಲ್ಲಿ ಓಡಾಡೋದು ಯಾವ ಬಣ್ಣ ಅಂತ ನಂಗೂ ಗೊತ್ತಿರ್ಲಿ."

ನಕ್ಕುಬಿಟ್ಟ. ಬೂದು ಬಣ್ಣದ ಪುಟ್ಟ ಕಾರು, ಹದಿಮೂರು ವರ್ಷ ಹಳೆಯದು, ಬಲಗಡೆ ಬಾಗಿಲು ಜಜ್ಜಿದೆ. ಆಕೆ ಹೀಟರು ಕೆಲಸ ಮಾಡುತ್ತದಾ ಎಂದು ಮೂರು ಸಲ ಕೇಳಿದಳಂತೆ. ವಯಸ್ಸು? "ನಿಮ್ಮ ಧ್ವನಿ ಕೇಳಿದ್ರೆ... ನಿಮ್ಮಷ್ಟೇ ಇರ್ಬೇಕು ಮೇಡಂ."

ಬಟ್ಟೆ ನೋಡಿ ಮನುಷ್ಯರನ್ನು ಓದುವುದು ನನ್ನ ಹಳೆಯ ಚಾಳಿ. ಯಾರ ಬಲಗಾಲು ಎಳೆಯುತ್ತದೆ, ಯಾರು ಕದ್ದು ಸಿಗರೇಟು ಸೇದುತ್ತಾರೆ — ಮಡಿಕೆ ಬಿಚ್ಚಿದರೆ ಗೊತ್ತಾಗುತ್ತದೆ. ಇವಳದು ಬಟ್ಟೆ ಸಿಕ್ಕಿಲ್ಲ. ಹಾಸಿಗೆ, ಹೀಟರು. ಎಲ್ಲಿಂದಲೋ ಹೊರಟುಬಂದವಳು. ಒಬ್ಬಳೇ. ಚಳಿಗೆ ಹೆದರುವವಳು.

ಫೆಬ್ರವರಿ 8, ಗುರುವಾರ

ಬರ್ನಿಸ್‌ಗೆ ಎಲ್ಲ ಹೇಳಿದೆ. ಹಿಟ್ಟಿನ ಕೈ ಸೊಂಟಕ್ಕಿಟ್ಟಳು.

"ಕಳ್ಳಿ ಜೊತೆ ಸಂಸಾರ ಹೂಡಿದೀಯಾ? ಅವಳು ಒಂದೊಂದೇ ಬಾಗಿಲು ತಟ್ತಾ ಬರ್ತಿದಾಳೆ. ಅಲರ್ಟ್ ನೋಡ್ದೆ ಸಾಲ ಕೊಡೋ ಸೋಮಾರಿ ಒಬ್ಬ ಸಿಕ್ಕೇ ಸಿಗ್ತಾನೆ. ಆಮೇಲೆ ಅಳ್ಬೇಡ."

"ಇಷ್ಟು ಬಡ ಕಳ್ಳಿ ಇರ್ತಾಳಾ ತೇತಾ?"

"ಕಳ್ಳರು ಮತ್ಯಾಕೆ ಕದೀತಾರೆ, ಶ್ರೀಮಂತರಾಗಿದ್ದಕ್ಕಾ? ಆ ಫೈಲಿನ ರಿಪೋರ್ಟಾದ್ರೂ ತರ್ಸಿದೀಯಾ? ಅಲರ್ಟ್ ಹಾಕ್ಸಿದೋರಿಗೆ ಮೂರೂ ಕಂಪನೀದು ಪುಕ್ಕಟೆ ಕಣೇ."

ತರಿಸಿಲ್ಲ. ತರಿಸಿದರೆ ಪ್ರಶ್ನೆಪತ್ರಿಕೆಯ ಹಿಂದೆಯೇ ಉತ್ತರ ನೋಡಿದಂತೆ. ಇದನ್ನೂ ಹೇಳಲಿಲ್ಲ.

ಫೆಬ್ರವರಿ 20, 10.05

ಹಲ್ಲಿನ ಡಾಕ್ಟರ ಆಫೀಸು. ನನ್ನದಲ್ಲ, ಆಲ್ಟೂನಾದ್ದು. ಮೇಲಿನ ಸಾಲು ಪೂರ್ತಿ ಕಟ್ಟಿಸುವ ಹಲ್ಲು, ಕಂತಿನಲ್ಲಿ. ಇದು ನೀವೇನಾ?

ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಆಚೆಯವಳು ಎರಡು ಸಲ "ಹಲೋ" ಎಂದಳು.

"ನಾನಲ್ಲ," ಎಂದೆ.

ನಿಜವೇ ಹೇಳಿದ್ದು. ಮತ್ತೆ ಹೊಲಿಗೆಗೆ ಕೂತರೆ ಕಣ್ಣು ನಿಲ್ಲಲಿಲ್ಲ. ನಾಲಿಗೆಯಿಂದ ನನ್ನ ಮೇಲಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಆ ಹೆಂಗಸು ಏನು ತಿನ್ನುತ್ತಾಳೆ? ಸೂಪು?

ಫೆಬ್ರವರಿ 27

ಮಿಸೆಸ್ ಪೆನ್‌ರೋಡ್ ಎಂಬ ಮುದುಕಿ. ಆಲ್ಟೂನಾದಲ್ಲಿ ಮುಚ್ಚಿದ ಹಾರ್ಡ್‌ವೇರ್ ಅಂಗಡಿಯ ಮಾಲೀಕಳು. ಅಂಗಡಿಯ ಮೇಲಿನ ಒಂದು ರೂಮು ಬಾಡಿಗೆಗೆ ಕೊಡುತ್ತಾಳೆ.

"ನಾನು ಈ ಕಂಪ್ಯೂಟರಿನವಳಲ್ಲಮ್ಮ. ನಮ್ಮಳಿಯ ರಿಪೋರ್ಟ್ ತೆಗ್ದು, ಈ ನಂಬರಿಗೆ ಕೇಳದೆ ಕೊಡ್ಬೇಡಿ ಅಂದ. ನಿನ್ನೆ ರೂಮು ನೋಡೋಕೆ ಬಂದಿದ್ದು ನೀನೇನಾ?"

"ನಾನಲ್ಲ. ಹೇಗಿದ್ಲು?"

"ಚೊಕ್ಕ ಹೆಂಗಸು. ಕಾಲೊರೆಸಿಕೊಂಡು ಒಳಗೆ ಬಂದ್ಲು. ಕಿಟಕೀಲಿ ಬಿಸಿಲು ಎಷ್ಟು ಹೊತ್ತಿರುತ್ತೆ ಅಂತ ಕೇಳಿದ್ಲು. ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತಾಳೆ. ಕಳ್ಳಿ ಥರ ಕಾಣ್ಲಿಲ್ಲ ಕಣಮ್ಮ... ಏನೋ. ನೀನಲ್ಲ ಅಂದ್ಮೇಲೆ ನಾನು ಕೊಡೋ ಹಾಗಿಲ್ಲ."

ನನ್ನಿಂದ ಒಬ್ಬಳಿಗೆ ಬಿಸಿಲಿನ ಕಿಟಕಿ ತಪ್ಪಿತು. ಕಳ್ಳಿಯೇ ಇರಲಿ. ಕುತೂಹಲಕ್ಕೂ ಒಂದು ಮಿತಿ ಇರಬೇಕು. ರಿಪೋರ್ಟಿಗೆ ಬರೆದು ಹಾಕಿದೆ.

ಮಾರ್ಚ್ 11, ಸೋಮವಾರ

ಬಂತು. ದಪ್ಪ ಲಕೋಟೆ.

ಹೆಸರು: ವೆರೋನಿಕಾ ಟೋಮ್ಕೊ. ಸರಿ. ವಿಳಾಸಗಳು: ಮೊದಲನೆಯದು ನನ್ನದು. ಎರಡನೆಯದು ಆಲ್ಟೂನಾದ ಒಂದು ಮೋಟೆಲು, ರೂಮು 9. ಮೂರನೆಯದೂ ಆಲ್ಟೂನಾ, ಒಂದು ಮನೆ. ಕೆಳಗೆ, ಇದೇ ವ್ಯಕ್ತಿಯ ಹಿಂದಿನ ಹೆಸರು: ವೆರೋನಿಕಾ ಲೆಹ್‌ಮನ್.

ಸೋಷಿಯಲ್ ಸೆಕ್ಯುರಿಟಿ ನಂಬರು: ನನ್ನದು. ಅದರ ಪಕ್ಕದಲ್ಲಿ, ಹೀಗೂ ವರದಿಯಾಗಿದೆ ಎಂದು ಇನ್ನೊಂದು. ಕೊನೆಯ ಅಂಕಿ ಮಾತ್ರ ಬೇರೆ. ನನ್ನದು ಏಳು, ಅದು ಆರು.

ಲೆಹ್‌ಮನ್.

ಒಲೆಯ ಮೇಲೆ ನೀರು ಕುದಿದು ಆವಿಯಾಗುವ ತನಕ ಕೂತಿದ್ದೆ.

ರೋನಿ. ನಮ್ಮ ಚಿಕ್ಕಪ್ಪನ ಮಗಳು ರೋನಿ.

ಮಾರ್ಚ್ 12

ಬರೆದಿಡಬೇಕು. ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಅಜ್ಜಿಯ ಹೆಸರು ವೆರೋನಿಕಾ. ಅಣ್ಣತಮ್ಮಂದಿರಿಬ್ಬರೂ ಹಟಕ್ಕೆ ಬಿದ್ದು ತಮ್ಮ ತಮ್ಮ ಮಗಳಿಗೆ ಅದನ್ನೇ ಇಟ್ಟರು. ಕೂಗುವುದಕ್ಕೆ ನಾನು ವೆರಾ, ಅವಳು ರೋನಿ. ಹದಿನಾರನೆಯ ವಯಸ್ಸಿನಲ್ಲಿ ಇಬ್ಬರಿಗೂ ಗ್ಲೌಸು ಹೊಲಿಯುವ ಫ್ಯಾಕ್ಟರಿಯಲ್ಲಿ ಬೇಸಿಗೆ ಕೆಲಸ ಸಿಕ್ಕಿತು. ಸೋಷಿಯಲ್ ಸೆಕ್ಯುರಿಟಿ ನಂಬರಿಲ್ಲದೆ ಸಂಬಳವಿಲ್ಲ. ಒಂದೇ ದಿನ, ಒಂದೇ ಕಿಟಕಿಯಲ್ಲಿ, ಒಂದರ ಮೇಲೊಂದು ಅರ್ಜಿ ಕೊಟ್ಟೆವು. ನಂಬರು ಸಾಲಾಗಿ ಬಂತು, ಅವಳದು ಮೊದಲು. ಕ್ಯೂನಲ್ಲಿ ಮೊಣಕೈಯಿಂದ ತಳ್ಳಿ ಮುಂದೆ ಹೋಗಿದ್ದಳು.

ಮದುವೆಯಾಗಿ ಮೂವತ್ತೈದು ವರ್ಷ ಅವಳು ಲೆಹ್‌ಮನ್. ಹಾಗಾಗಿ ಕಂಪ್ಯೂಟರಿಗೆ ನಾವು ಇಬ್ಬರು. ಈಗ ಅವನನ್ನು ಬಿಟ್ಟಿರಬೇಕು. ಮತ್ತೆ ಟೋಮ್ಕೊ ಆದಳು. ಅದೇ ಹೆಸರು, ಒಂದಂಕಿ ಆಚೀಚೆ — ಕಂಪ್ಯೂಟರು ಇಬ್ಬರನ್ನೂ ಒಂದೇ ಫೈಲಿಗೆ ತುಂಬಿತು.

ಕಳ್ಳಿ ಇರಲೇ ಇಲ್ಲ. ಹಾಸಿಗೆ, ಕಾರು, ಹಲ್ಲು, ರೂಮು — ಅವಳು ಅವಳದೇ ಹೆಸರಲ್ಲಿ ಕೇಳಿದಳು. ನಾನು ನಾಲ್ಕು ಸಲವೂ ನಾನಲ್ಲ ಎಂದೆ.

ಮೂವತ್ತೈದು ವರ್ಷದಿಂದ ಮಾತಿಲ್ಲ ನಮಗೆ. ಅವಳ ಮದುವೆಯ ಗೌನು ನಾನು ಹೊಲಿದದ್ದು. ನಾಲ್ಕು ತಿಂಗಳು, ಫ್ಯಾಕ್ಟರಿಯಿಂದ ಬಂದ ಮೇಲೆ ಪ್ರತಿ ಸಂಜೆ. ಮದುವೆಯ ದಿನ ಚರ್ಚಿಗೆ ಅವಳು ಬಂದದ್ದು ಅಂಗಡಿಯ ಗೌನಿನಲ್ಲಿ. ಅತ್ತೆ ಕೊಡಿಸಿದ್ದಂತೆ. ನನಗೊಂದು ಮಾತಿಲ್ಲ. ಊಟಕ್ಕೆ ನಿಲ್ಲದೆ ಎದ್ದುಬಂದೆ. ಅವಳೂ ಹುಡುಕಿಕೊಂಡು ಬರಲಿಲ್ಲ.

ಮಾರ್ಚ್ 21, ಗುರುವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಏನೂ ಮಾಡಿಲ್ಲ, ಅದಕ್ಕೆ. ಮೋಟೆಲಿನ ನಂಬರು ಹುಡುಕಿ ಬರೆದಿಟ್ಟದ್ದಷ್ಟೆ.

ನೆಲಮಾಳಿಗೆಯಲ್ಲಿ ಬರ್ನಿಸ್ ಕೇಳಿದಳು, "ಕಳ್ಳಿ ಏನಂತಾಳೆ?"

"ಕಳ್ಳಿ ಅಲ್ಲ. ನಮ್ಮ ರೋನಿ."

ಒತ್ತುತ್ತಿದ್ದ ಪಿರೋಹಿ ಕೈಯಲ್ಲೇ ಉಳಿಯಿತು. ಆ ಗೌನಿನ ಕಥೆ ಈ ಚರ್ಚಿನಲ್ಲಿ ಎಲ್ಲರಿಗೂ ಗೊತ್ತು.

"ಅವಳಿಗೆ ಹೇಳಿದ್ಯಾ?"

"ಏನಂತ ಹೇಳ್ಲಿ?"

"ಮೋಟೆಲಿನಲ್ಲಿ ಬಿದ್ದಿದಾಳೆ. ನೀನಿಲ್ಲಿ ಏನಂತ ಹೇಳ್ಲಿ ಅಂತ ಹಿಟ್ಟು ಲಟ್ಟಿಸ್ತಿದೀಯಾ. ನಾಚಿಕೆ ಆಗ್ಬೇಕು ವೆರಾ."

ಆಗುತ್ತಿದೆ.

ಮಾರ್ಚ್ 22, ಶುಕ್ರವಾರ, 2.15

ಫೋನು. ಆಲ್ಟೂನಾ ನಂಬರು. ಇನ್ನೊಂದು ಅಂಗಡಿ ಅಂದುಕೊಂಡೆ.

"ಯಾರೇ ನೀನು?" ಹೆಂಗಸಿನ ಧ್ವನಿ, ಮಾತು ಸ್ವಲ್ಪ ತೊದಲು. "ನನ್ನ ಫೈಲಿನಲ್ಲಿ ನಿನ್ನ ಫೋನ್ ನಂಬರು ಯಾಕಿದೆ? ನಾನು ಹೋದಲ್ಲೆಲ್ಲ ನಾನು ನಾನಲ್ಲ ಅಂತ ಹೇಳ್ತಿರೋಳು ನೀನೇ ತಾನೇ? ಪೆನ್‌ರೋಡಮ್ಮ ನಂಬರು ಕೊಟ್ಲು. ಪೊಲೀಸಿಗೆ ಹೋಗ್ತೀನಿ, ಗೊತ್ತಾ? ಕಳ್ಳ ಮುಂಡೇದೇ!"

ನಾನು ಅವಳನ್ನು ಕಳ್ಳಿ ಎಂದುಕೊಂಡಿದ್ದೆ. ಅವಳಿಗೆ ನಾನು ಕಳ್ಳಿ.

ಫೋನ್ ಇಟ್ಟುಬಿಟ್ಟೆ.

ಥೂ.

ಮಾರ್ಚ್ 22, 2.50

ನಾನೇ ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದಳು.

"ರೋನಿ," ಎಂದೆ. "ಕದ್ದಿಲ್ಲ ಕಣೇ. ನಾನು. ವೆರಾ."

ಮೋಟೆಲಿನ ಟಿವಿ ಆರಿಸಿದ ಸದ್ದು ಕೇಳಿತು.

"ನೀನಾ?" ಎಂದಳು. "ಇಷ್ಟು ವರ್ಷದ ಸಿಟ್ಟನ್ನ ನನ್ನ ಹಲ್ಲಿನ ಮೇಲೆ ತೀರಿಸಿಕೊಂಡ್ಯಾ?"

ನಂಬರಿನ ವಿಷಯ, ಆರು ಏಳರ ವಿಷಯ ಹೇಳಿದೆ. ಬೇಕೆಂದು ಮಾಡಿದ್ದಲ್ಲ ಎಂದೆ. ಹತ್ತು ದಿನದಿಂದ ಗೊತ್ತಿತ್ತು, ಹೇಳಲು ಧೈರ್ಯ ಬರಲಿಲ್ಲ — ಅದನ್ನೂ ಹೇಳಿದೆ. ಬಚ್ಚಿಡಬಹುದಿತ್ತು.

"ಹತ್ತು ದಿನ," ಎಂದಳು. "ನಿನಗೆ ಹತ್ತು ದಿನ ಕಮ್ಮಿನೇ ಬಿಡು. ನಾನು ಮೂವತ್ತೈದು ವರ್ಷ ತಗೊಂಡೆ."

ಮಾರ್ಚ್ 26, ಮಂಗಳವಾರ

ಬಸ್ಸಿನಲ್ಲಿ ಬಂದಳು. ನಿಲ್ದಾಣದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕೋಟು: ತೋಳು ಉದ್ದ, ಬೇರೆಯವರದ್ದು. ಕೂದಲು ಪೂರ್ತಿ ಬಿಳಿ. ಬಾಯಿಗೆ ಕೈ ಅಡ್ಡ.

ಸೂಪು ಮಾಡಿಟ್ಟಿದ್ದೆ. ಕುಡಿಯುವಾಗ ನಾನು ಬಾಯಿಯತ್ತ ನೋಡುತ್ತಿದ್ದೆನೇನೋ.

"ಹಾಗೆ ನೋಡ್ಬೇಡ. ಅವನು ಹೊಡೆದದ್ದಲ್ಲ. ಸಕ್ಕರೆ ಕಾಯಿಲೆ, ಒಸಡು ಹೋಯ್ತು. ಅವನು ಏನೂ ಮಾಡ್ಲಿಲ್ಲ. ಆರು ವರ್ಷ ನನ್ನ ಜೊತೆ ಮಾತೇ ಆಡ್ಲಿಲ್ಲ. ಉಪ್ಪು ಬೇಕಾದ್ರೂ ಎದ್ದು ತಾನೇ ತಗೋತಿದ್ದ. ಒಂದಿನ ಯೋಚ್ನೆ ಮಾಡ್ದೆ, ಹೀಗೇ ಸತ್ತರೆ ಕೊನೆಗೆ ಮಾತಾಡ್ಸಿದೋರು ಯಾರು? ಟಿವಿ. ಹೊರಟುಬಂದೆ."

ಇಬ್ಬರ ಸೋಷಿಯಲ್ ಸೆಕ್ಯುರಿಟಿ ಕಾರ್ಡುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಆರು. ಏಳು. ಅವಳು ನಕ್ಕಳು, ಕೈ ತೆಗೆದು. "ಆವತ್ತು ತಳ್ಳದೆ ಹೋಗಿದ್ರೆ ನಾನು ಏಳು."

ರಿಪೋರ್ಟಿನ ಪ್ರತಿ ಸಾಲಿಗೂ ಗುರುತು ಹಾಕಿದೆವು. ಇದು ನಿನ್ನದು, ಇದು ನನ್ನದು. ಮೂರು ಕಂಪನಿಗೂ ಕಾಗದ, ಇಬ್ಬರ ಸಹಿ, ಕಾರ್ಡಿನ ನಕಲು. ಮಧ್ಯೆ ಎಲ್ಲೋ ಪೆನ್ನು ನಿಲ್ಲಿಸಿ, ಅವಳೇ ಎತ್ತಿದಳು.

"ಆ ಗೌನು ನಾನು ಹಾಕ್ಕೊಂಡು ನೋಡ್ದೆ ವೆರಾ. ಮದುವೆ ದಿನ ಬೆಳಿಗ್ಗೆ ಐದು ಗಂಟೆಗೆ. ಝಿಪ್ ಏರ್ಲಿಲ್ಲ. ಮೂರು ತಿಂಗಳಾಗಿತ್ತು."

ನಾನು ನನ್ನ ಪೆನ್ನಿನ ಮುಚ್ಚಳ ಹಾಕಿದೆ.

"ನಿನಗೆ ಹೇಳೋದು ಹೇಗೆ? ಚರ್ಚು, ಅಪ್ಪ, ನೀನು... ಅತ್ತೆಗೆ ಗೊತ್ತಿತ್ತು. ಅವಳು ಎಲ್ಲಿಂದಲೋ ಸಡಿಲ ಗೌನು ತಂದ್ಲು. ಆಮೇಲೆ ಆ ಮಗೂನೂ ಉಳೀಲಿಲ್ಲ. ಇನ್ನೇನು ಹೇಳೋದು ಅಂತ ಬಿಟ್ಟೆ."

ಬಟ್ಟೆ ನೋಡಿ ಮನುಷ್ಯರನ್ನು ಓದುತ್ತೇನಂತೆ ನಾನು. ಆ ತಿಂಗಳು ಎರಡು ಸಲ ಅವಳ ಸೊಂಟದ ಅಳತೆ ತೆಗೆದಿದ್ದೆ. ಎರಡನೆಯ ಸಲ ಹೆಚ್ಚಿಗೆ ಬಂದಾಗ ಟೇಪು ಸರಿಯಾಗಿ ಹಿಡಿದಿಲ್ಲ ಅಂದುಕೊಂಡು ಮೊದಲಿನ ಅಳತೆಯೇ ಇಟ್ಟೆ.

"ಒಳಮಡಿಕೇಲಿ ಎರಡಿಂಚು ಬಟ್ಟೆ ಬಿಟ್ಟಿದ್ದೆ ಕಣೇ," ಎಂದೆ. "ಅರ್ಧ ಗಂಟೆ ಕೆಲಸ. ಬಿಚ್ಚಿ ಕೊಡ್ತಿದ್ದೆ. ಯಾರಿಗೂ ಹೇಳ್ತಿರ್ಲಿಲ್ಲ."

ಇಬ್ಬರೂ ಅತ್ತೆವು. ಆಮೇಲೆ ಕೊನೆಯ ಬಸ್ಸಿನ ಹೊತ್ತಾಯಿತು. ಇಲ್ಲೇ ಇರು ಎಂದೆ. ಬೇಡ ಎಂದಳು. ಈಗಷ್ಟೇ ಒಬ್ಬಳೇ ಇರುವುದನ್ನು ಕಲಿಯುತ್ತಿದ್ದಾಳಂತೆ. ಬೇಸರವಾಯಿತು. ಒತ್ತಾಯಿಸಲಿಲ್ಲ.

ಏಪ್ರಿಲ್ 3

ಕಾಗದ ತಲುಪಿತೋ ಎಂದು ಕಂಪನಿಯೊಂದಕ್ಕೆ ಫೋನ್. ನಲವತ್ತು ನಿಮಿಷ ಸಂಗೀತ, ಆಮೇಲೆ ಒಬ್ಬ ತರುಣ.

"ನೀವು ವೆರೋನಿಕಾ ಟೋಮ್ಕೊ ಅಲ್ಲ ಅಂತ ಹೇಳ್ತಿದೀರಾ ಮೇಡಂ?"

"ಹೌದು ನಾನೇ. ಆದರೆ ಆ ವೆರೋನಿಕಾ ಟೋಮ್ಕೊ ಅಲ್ಲ."

"ಇಲ್ಲಿ ಒಬ್ಬರೇ ಇದಾರೆ ಮೇಡಂ."

"ಅದೇ ಕಣಪ್ಪ ತೊಂದರೆ."

ಪರಿಶೀಲಿಸಲು ಮೂವತ್ತು ದಿನ ಬೇಕಂತೆ.

ಏಪ್ರಿಲ್ 6, ಶನಿವಾರ

ಮೂವತ್ತು ದಿನ ಮೋಟೆಲಿನಲ್ಲಿ ಯಾಕಿರಬೇಕು? ಬರ್ನಿಸ್‌ಳ ಕಾರಿನಲ್ಲಿ ಆಲ್ಟೂನಾಕ್ಕೆ ಹೋದೆ, ಅವಳೇ ಓಡಿಸಿದಳು, ಜೀವ ಬಾಯಿಗೆ ಬಂದಿತ್ತು. ರೋನಿಯನ್ನು ಕರೆದುಕೊಂಡು ನೇರ ಮಿಸೆಸ್ ಪೆನ್‌ರೋಡ್ ಮುಂದೆ ನಿಂತೆವು. ಎರಡು ಕಾರ್ಡು, ಎರಡು ಲೈಸೆನ್ಸು, ಇಬ್ಬರು ವೆರೋನಿಕಾ.

ಮುದುಕಿ ಕನ್ನಡಕ ಏರಿಸಿ ಒಬ್ಬರಾದ ಮೇಲೊಬ್ಬರನ್ನು ನೋಡಿದಳು.

"ಕಂಪ್ಯೂಟರಿನ ತಪ್ಪು ಅಂತ ಹೇಳೋ ಹಾಗೂ ಇಲ್ಲ," ಎಂದಳು. "ಮೂಗು ಇಬ್ಬರದೂ ಒಂದೇ."

ಬಿಸಿಲಿನ ರೂಮು ಹೋಗಿತ್ತು. ನಾನಲ್ಲ ಎಂದ ಮರುದಿನವೇ ಬೇರೆಯವರಿಗೆ ಕೊಟ್ಟಿದ್ದಳು. ಹಿಂಬದಿಯಲ್ಲಿ ಇನ್ನೊಂದಿದೆ, ಮೇ ತಿಂಗಳಿಗೆ ಖಾಲಿ. ಕಿಟಕಿ ಗೋಡೆಯ ಎದುರಿಗೆ. ರೋನಿ ಒಳಗೆ ಹೋಗಿ ನಾಲ್ಕು ಮೂಲೆಗೂ ನಡೆದು ಬಂದಳು. "ಸಾಕು," ಎಂದಳು. ಸಾಕು ಅಲ್ಲ ಎಂದು ನನಗೆ ಗೊತ್ತು.

ಏಪ್ರಿಲ್ 26

ಮೂರರಲ್ಲಿ ಎರಡು ಕಂಪನಿ ನಮ್ಮನ್ನು ಬೇರೆ ಮಾಡಿವೆ. ಮೂರನೆಯದು "ಪರಿಶೀಲಿಸಲಾಗಿದೆ, ಮಾಹಿತಿ ಸರಿಯಾಗಿದೆ" ಎಂದು ಬರೆದಿದೆ. ಸರಿಯಾಗಿದೆಯಂತೆ! ಇನ್ನೊಂದು ಕಾಗದ. ಬರ್ನಿಸ್ ಹೇಳಿ ಬರೆಸಿದಳು. ಸರ್ಕಾರದ ಗ್ರಾಹಕ ಕಚೇರಿಗೂ ಒಂದು ನಕಲು ಹಾಕಿದಳು.

ನನ್ನ ಹೊಸ ಫೈಲು ಅರ್ಧ ಪುಟ. ಅವಳದು ಏಳು ಪುಟ.

ಮೇ 1

ಮೂರನೆಯದೂ ಸೋತಿತು. ಅವಳ ಫೈಲಿನಲ್ಲಿ ನಾನಿಲ್ಲ, ನನ್ನದರಲ್ಲಿ ಅವಳಿಲ್ಲ.

ರೋನಿಯ ಹಲ್ಲಿನ ಅರ್ಜಿ ಮೊದಲು ಹೋಗಲಿ ಎಂದು ಕಾದೆವು. ಒಪ್ಪಿದರು. ಇವತ್ತು ಇಬ್ಬರೂ ಒಂದೇ ಹೊತ್ತಿಗೆ, ಅವಳು ಅಲ್ಲಿ, ನಾನು ಇಲ್ಲಿ, ಫ್ರೀಜ್ ಹಾಕಿಸಿದೆವು. ಹಲ್ಲಿನ ಆಸ್ಪತ್ರೆಯಿಂದ ನನ್ನ ನಂಬರು ಕದ್ದವರು ಎಲ್ಲೋ ಇದ್ದಾರಲ್ಲ. ಅವರು ಯಾರೆಂದು ತಿಳಿಯುವ ಆಸೆ ನನಗಿಲ್ಲ. ಬರ್ನಿಸ್‌ಗೆ ಫೋನ್ ಮಾಡಿ ಬೀಗ ಬಿತ್ತು ಎಂದೆ. "ನಾಲ್ಕು ತಿಂಗಳು!" ಎಂದಳು. "ಅರ್ಧ ಗಂಟೆ ಕೆಲಸಕ್ಕೆ."

ಮೇ 4, ಶನಿವಾರ, ಬೆಳಿಗ್ಗೆ 8.40

ರೋನಿ ರೂಮಿಗೆ ಹೋಗುವ ದಿನ. ನನ್ನನ್ನು ಕರೆದೊಯ್ಯಲು ಕಾರು ಅವಳೇ ತರುತ್ತಾಳಂತೆ — ಯಾವುದು, ಯಾವ ಬಣ್ಣ, ಹೇಳಲಿಲ್ಲ, ಹಾರ್ನು ಕೇಳಿದಾಗ ಹೊರಗೆ ಬಂದು ನೋಡು ಎಂದಳು. ತೆಳು ಬಿಳಿ ಪರದೆ ಹೊಲಿದಿಟ್ಟಿದ್ದೇನೆ, ಆ ಗೋಡೆಯಿಂದ ಬರುವ ಬೆಳಕನ್ನೂ ಬಿಡಲಿ ಎಂದು. ಉದ್ದ ಅಂದಾಜಿನ ಮೇಲೆ. ಕೆಳಗಿನ ಮಡಿಕೆ ಹೊಲಿದಿಲ್ಲ, ಪಿನ್ನು ಹಾಕಿದ್ದೇನೆ. ಅಲ್ಲಿ ಅವಳೇ ಹಿಡಿದು ನಿಲ್ಲಲಿ, ಎಲ್ಲಿಗೆ ಬೇಕು ಹೇಳಲಿ, ಆಮೇಲೆ

ಹಾರ್ನು. ಮೂರು ಸಲ. ಇಡೀ ಬೀದಿಗೆ ಕೇಳುವ ಹಾಗೆ. ಸೂಜಿ ಡಬ್ಬಿ ಎಲ್ಲಿ